ಅಮೆರಿಕದ ಕಾಲೇಜು ಫುಟ್‌ಬಾಲ್, ಊರಿಗೊಂದು ಹುಚ್ಚು: ಪದೇ ಪದೇ ಕೇಳುವ ಪ್ರಶ್ನೆಗಳು

ಸೆಪ್ಟೆಂಬರ್ ಬಂತು ಅಂದರೆ ಅಮೆರಿಕದ ಯೂನಿವರ್ಸಿಟಿ ಊರುಗಳಲ್ಲಿ ಶನಿವಾರ ಬೇರೆ ಮಾತೇ ಇಲ್ಲ. ಓದಲು ಬಂದವರು, ಕೆಲಸಕ್ಕೆ ಬಂದವರು, ಮಗಳ ಮನೆಗೆ ಅಂತ ಬಂದ ಅಪ್ಪ ಅಮ್ಮಂದಿರು, ಎಲ್ಲರೂ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅವನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ಆಟದ ನಿಯಮಗಳು ಇಲ್ಲಿ ಸಿಗುವುದಿಲ್ಲ. ಆಟ ನೋಡಲು ಬರುವ ಜನರ ಬಗ್ಗೆ ಹೇಳಿದ್ದೇನೆ. ನನಗೆ ಆಟಕ್ಕಿಂತ ಅವರೇ ಒಂದು ಕೈ ಜಾಸ್ತಿ ಇಷ್ಟ.

ಇದು ನಾವು ಕಾಲಲ್ಲಿ ಆಡೋ ಫುಟ್‌ಬಾಲ್ ಅಲ್ವಾ?

ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಎರಡೂ ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. 15 ನಿಮಿಷದ ನಾಲ್ಕು ಕ್ವಾರ್ಟರ್ ಅಂತ ಲೆಕ್ಕ, ಆದರೆ ಮುಗಿಯುವಷ್ಟರಲ್ಲಿ ಮೂರು ಗಂಟೆ ದಾಟಿರುತ್ತದೆ. ಮೊದಲ ಕಾಲೇಜು ಪಂದ್ಯ ನಡೆದದ್ದು 1869ರ ನವೆಂಬರ್ 6ರಂದು, ನ್ಯೂಜೆರ್ಸಿಯಲ್ಲಿ, ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ನಡುವೆ. ಸೀಸನ್ ಆಗಸ್ಟ್ ಕೊನೆಗೆ ಶುರುವಾಗಿ ಡಿಸೆಂಬರ್ ಮೊದಲ ವಾರದವರೆಗೆ ಇರುತ್ತದೆ. ಆಮೇಲೆ ಆಯ್ದ ತಂಡಗಳ ನಡುವೆ ಬೌಲ್ ಅನ್ನುವ ಪಂದ್ಯಗಳು ನಡೆಯುತ್ತವೆ, ಫೈನಲ್ ಜನವರಿಗೆ ಹೋಗುತ್ತದೆ.

ಕಾಲೇಜು ಹುಡುಗರ ಆಟಕ್ಕೆ ಲಕ್ಷ ಜನ ಯಾಕೆ ಬರ್ತಾರೆ?

ಈ ದೇಶದಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚು ಜನ ಕೂರುವ ಫುಟ್‌ಬಾಲ್ ಕ್ರೀಡಾಂಗಣಗಳು 8 ಇವೆ. ಎಂಟೂ ಕಾಲೇಜುಗಳವು. ಮಿಶಿಗನ್ ಯೂನಿವರ್ಸಿಟಿಯದ್ದು ಎಲ್ಲಕ್ಕಿಂತ ದೊಡ್ಡದು, 1,07,601 ಸೀಟು. ವೃತ್ತಿಪರ ತಂಡಗಳಿಗೂ ಅಷ್ಟು ದೊಡ್ಡ ಜಾಗ ಇಲ್ಲ.

ಕಾರಣ ನಕ್ಷೆಯಲ್ಲಿದೆ. ಅಲಬಾಮಾ, ಮಿಸಿಸಿಪ್ಪಿ, ಅರ್ಕಾನ್ಸಾ, ಅಯೋವಾ, ನೆಬ್ರಾಸ್ಕಾ, ಇಲ್ಲೆಲ್ಲ ದೊಡ್ಡ ವೃತ್ತಿಪರ ಲೀಗಿನ ಫುಟ್‌ಬಾಲ್ ತಂಡವೇ ಇಲ್ಲ. ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್‌ನ ದೊಡ್ಡ ಲೀಗ್ ತಂಡಗಳೂ ಇಲ್ಲ. ಹಾಗಾಗಿ ಇಡೀ ರಾಜ್ಯದ ಅಭಿಮಾನ ಸರ್ಕಾರಿ ಯೂನಿವರ್ಸಿಟಿಯ ತಂಡದ ಮೇಲೆ ಬಂದು ಕೂತಿದೆ. ಕಾಲೇಜಿನ ಮೆಟ್ಟಿಲೇ ಹತ್ತದ ರೈತ, ಮೆಕ್ಯಾನಿಕ್, ಟ್ರಕ್ ಡ್ರೈವರ್ ಕೂಡ ಅದನ್ನು 'ನಮ್ಮ ತಂಡ' ಅಂತಲೇ ಹೇಳುತ್ತಾನೆ. ನ್ಯೂಯಾರ್ಕ್, ಬಾಸ್ಟನ್ ಕಡೆ ವೃತ್ತಿಪರ ತಂಡಗಳು ಬೇಕಾದಷ್ಟಿವೆ. ಅಲ್ಲಿ ಕಾಲೇಜು ಆಟದ ಬಿಸಿ ಅಷ್ಟಿಲ್ಲ.

ನೆಬ್ರಾಸ್ಕಾದ ಕಥೆ ಕೇಳಿ. ಲಿಂಕನ್ ಊರಿನ ಕ್ರೀಡಾಂಗಣದಲ್ಲಿ 1962ರಿಂದ ಒಂದು ಪಂದ್ಯವೂ ಬಿಡದೆ ಟಿಕೆಟ್ ಪೂರ್ತಿ ಮಾರಾಟವಾಗಿದೆ. ತಂಡ ಗೆದ್ದ ವರ್ಷವೂ ಅಷ್ಟೇ, ಸೋತು ಸುಣ್ಣವಾದ ವರ್ಷವೂ ಅಷ್ಟೇ. ಪಂದ್ಯದ ದಿನ ಆ ಕ್ರೀಡಾಂಗಣದೊಳಗೆ ಇರುವವರನ್ನು ಎಣಿಸಿದರೆ ಅದೇ ರಾಜ್ಯದ ಮೂರನೇ ದೊಡ್ಡ ಊರು. ಒಮಾಹಾ, ಲಿಂಕನ್ ಬಿಟ್ಟರೆ ಅಷ್ಟು ಜನ ಇರುವ ಊರು ಅಲ್ಲಿ ಇನ್ನೊಂದಿಲ್ಲ.

ಟೇಲ್‌ಗೇಟ್ ಅಂದ್ರೆ ಏನು?

ಆಟಕ್ಕೆ ನಾಲ್ಕೈದು ಗಂಟೆ ಮೊದಲೇ ಪಾರ್ಕಿಂಗ್ ಜಾಗಕ್ಕೆ ಬಂದು, ಕಾರಿನ ಹಿಂಬಾಗಿಲು ತೆಗೆದು, ಒಲೆ ಹಚ್ಚಿ, ಕುರ್ಚಿ ಹಾಕಿ, ಬಂದವರಿಗೆಲ್ಲ ತಿನ್ನಲು ಕೊಡುವುದು. ತೇರು ಎಳೆಯುವುದು ಮಧ್ಯಾಹ್ನವೇ ಆದರೂ ಜಾತ್ರೆಗೆ ಬೆಳಿಗ್ಗೆಯೇ ಹೋಗುತ್ತೀವಲ್ಲ, ಹಾಗೆ. ಟಿಕೆಟ್ ಇಲ್ಲದವರೂ ಬರುತ್ತಾರೆ. ಅಲ್ಲೇ ಟಿವಿ ಹಚ್ಚಿಕೊಂಡು ಆಟ ನೋಡಿ ಮನೆಗೆ ಹೋಗುವವರೂ ಇದ್ದಾರೆ.

ಆದರೆ ಕಾರೇ ಬೇಕು ಅಂತ ಎಲ್ಲಿದೆ? ಟೆನ್ನೆಸ್ಸೀಯ ನಾಕ್ಸ್‌ವಿಲ್‌ನಲ್ಲಿ ಕ್ರೀಡಾಂಗಣದ ಪಕ್ಕದಲ್ಲೇ ನದಿ ಹರಿಯುತ್ತದೆ. 1962ರಲ್ಲಿ ಜಾರ್ಜ್ ಮೂನಿ ಅನ್ನುವ ರೇಡಿಯೋ ಕಾಮೆಂಟೇಟರ್ ಟ್ರಾಫಿಕ್ ಕಾಟಕ್ಕೆ ಬೇಸತ್ತು ಸೀದಾ ದೋಣಿಯಲ್ಲಿ ಬಂದರು. ಅವರನ್ನು ನೋಡಿ ಉಳಿದವರೂ ಶುರು ಮಾಡಿದರು. ಈಗ ದೊಡ್ಡ ಪಂದ್ಯ ಇದ್ದರೆ ದಡದುದ್ದಕ್ಕೂ ದೋಣಿಗೆ ದೋಣಿ ಕಟ್ಟಿ ನಿಲ್ಲಿಸುತ್ತಾರೆ. ದಡಕ್ಕೆ ಬರಬೇಕಾದರೆ ಪಕ್ಕದವರ ದೋಣಿಗಳ ಮೇಲೆ ಕಾಲಿಟ್ಟುಕೊಂಡೇ ಬರಬೇಕು. ದೇಶದ ಇನ್ನೊಂದು ತುದಿಯ ಸಿಯಾಟಲ್‌ನಲ್ಲೂ ವಾಷಿಂಗ್ಟನ್ ಯೂನಿವರ್ಸಿಟಿಯವರು ಕೆರೆಯ ಮೇಲೆ ದೋಣಿಯಲ್ಲೇ ಬರುತ್ತಾರೆ.

ಸೌತ್ ಕ್ಯಾರೊಲೈನಾದ ಕೊಲಂಬಿಯಾದವರದ್ದು ಇನ್ನೂ ಒಂದು ಹೆಜ್ಜೆ ಮುಂದೆ. ಕ್ರೀಡಾಂಗಣದ ಪಕ್ಕದ ಹಳೆಯ ಹಳಿಯ ಮೇಲೆ ರೈಲಿನ 22 ಡಬ್ಬಿಗಳು ಸಾಲಾಗಿ ನಿಂತಿವೆ. ಎಲ್ಲಿಗೂ ಹೋಗುವುದಿಲ್ಲ. ಒಳಗೆ ನೀರು, ಕರೆಂಟು, ಸೋಫಾ ಎಲ್ಲ ಇದೆ. ಒಂದೊಂದಕ್ಕೂ ಒಬ್ಬೊಬ್ಬ ಮಾಲೀಕ. ವರ್ಷದಲ್ಲಿ ಏಳೆಂಟು ಶನಿವಾರ ಪಾರ್ಟಿ ಮಾಡಲು ಅಂತಲೇ ರೈಲು ಡಬ್ಬಿ ಇಟ್ಟುಕೊಂಡ ಜನ ಅವರು.

ದಕ್ಷಿಣದ ಕಡೆ ಆಟ ನೋಡೋಕೆ ಸೂಟು, ಟೈ ಹಾಕ್ಕೊಂಡು ಬರ್ತಾರಂತೆ, ನಿಜಾನಾ?

ನಿಜ. ಮಿಸಿಸಿಪ್ಪಿ ಯೂನಿವರ್ಸಿಟಿಗೆ, ಅಂದರೆ ಎಲ್ಲರೂ ಓಲ್ ಮಿಸ್ ಅನ್ನುವ ಜಾಗಕ್ಕೆ, ಒಂದು ಸಲ ಹೋಗಿ ಬನ್ನಿ. ಆಕ್ಸ್‌ಫರ್ಡ್ ಅನ್ನುವ ಪುಟ್ಟ ಊರು. ಕ್ಯಾಂಪಸ್ ಮಧ್ಯೆ ಓಕ್ ಮರಗಳ ತೋಪು, ಸುಮಾರು 10 ಎಕರೆ. ಹೆಸರೇ ದಿ ಗ್ರೋವ್. ಮೊದಲು ಕಾರು ಬಿಡುತ್ತಿದ್ದರು. ಮಳೆ ಬಂದು ಎಲ್ಲ ಕೆಸರಾದ ಮೇಲೆ 1991ರಲ್ಲಿ ಕಾರು ನಿಲ್ಲಿಸಿಬಿಟ್ಟರು. ಅವತ್ತಿನಿಂದ ಬರೀ ಟೆಂಟು.

ಹಿಂದಿನ ದಿನ ಸಂಜೆಯೇ ಜಾಗ ಹಿಡಿಯಲು ಓಡಾಟ ಶುರು. ಶನಿವಾರ ಬೆಳಿಗ್ಗೆ ನೋಡಿದರೆ ಮರದ ಕೆಳಗೆ ಒಂದಕ್ಕೊಂದು ತಾಗಿದ ಕೆಂಪು, ನೀಲಿ ಟೆಂಟುಗಳು. ಒಳಗೆ ಮೇಜಿಗೆ ಇಸ್ತ್ರಿ ಮಾಡಿದ ಬಟ್ಟೆ, ಬೆಳ್ಳಿಯ ದೀಪದ ಕಂಬ, ಹೂದಾನಿ, ಪಿಂಗಾಣಿ ತಟ್ಟೆ. ಟೆಂಟಿನ ನೆತ್ತಿಯಿಂದ ಗಾಜಿನ ಶಾಂಡಲಿಯರ್ ದೀಪ ತೂಗಾಡುತ್ತಿರುತ್ತದೆ. ಹೌದು, ಹುಲ್ಲಿನ ಮೇಲೆ ಹಾಕಿದ ಟೆಂಟಿಗೆ ಶಾಂಡಲಿಯರ್. ಬೆಂಕಿ ಹಚ್ಚುವಂತಿಲ್ಲ ಅನ್ನುವ ನಿಯಮ ಇರುವುದರಿಂದ ಕರಿದ ಕೋಳಿ, ಸ್ಯಾಂಡ್‌ವಿಚ್ ಎಲ್ಲ ಮನೆಯಿಂದಲೇ ಬರುತ್ತದೆ. ಸೆಪ್ಟೆಂಬರ್ ಬಿಸಿಲಿಗೆ ಬೆವರು ಸುರಿಯುತ್ತಿದ್ದರೂ ಹುಡುಗರು ಕೋಟು, ಟೈ ಬಿಚ್ಚುವುದಿಲ್ಲ. ಹುಡುಗಿಯರು ಒಳ್ಳೆಯ ಫ್ರಾಕು, ಬೂಟು ಹಾಕಿ ಬಂದಿರುತ್ತಾರೆ. ಆಟ ಶುರುವಾಗಲು ಇನ್ನೆರಡು ಗಂಟೆ ಇದೆ ಅನ್ನುವಾಗ ಆಟಗಾರರು ತೋಪಿನ ನಡುವೆಯೇ ನಡೆದು ಹೋಗುತ್ತಾರೆ. ಆಗ ಅಜ್ಜಿಯರೂ ತಟ್ಟೆ ಕೆಳಗಿಟ್ಟು ಕೂಗುತ್ತಾರೆ.

ಅವರದ್ದೇ ಒಂದು ಮಾತಿದೆ: ಎಲ್ಲ ಪಂದ್ಯವನ್ನೂ ಗೆಲ್ಲದೇ ಇರಬಹುದು, ಆದರೆ ಪಾರ್ಟಿಯಲ್ಲಿ ಯಾವತ್ತೂ ಸೋತಿಲ್ಲ. ಆ ಊರನ್ನು ನೋಡಿದ ಮೇಲೆ ನನಗೂ ಹಾಗೇ ಅನಿಸುತ್ತದೆ.

ಅದೇ ರಾಜ್ಯದಲ್ಲಿ ಹಸುವಿನ ಗಂಟೆ ಬಾರಿಸ್ತಾರೆ ಅಂತಾರಲ್ಲ?

ಅದು ಮಿಸಿಸಿಪ್ಪಿ ಸ್ಟೇಟ್, ಸ್ಟಾರ್ಕ್‌ವಿಲ್ ಊರಿನದು. ಕೃಷಿ ಕಾಲೇಜಾಗಿ ಶುರುವಾದ ಸಂಸ್ಥೆ. ಓಲ್ ಮಿಸ್‌ನವರು ಶಾಂಡಲಿಯರ್ ತಂದರೆ ಇವರು ಗಂಟೆ ತರುತ್ತಾರೆ. ಹಿಂದೊಮ್ಮೆ ಪಂದ್ಯದ ನಡುವೆ ಜರ್ಸಿ ಹಸುವೊಂದು ಮೈದಾನಕ್ಕೆ ನುಗ್ಗಿತು, ಅವತ್ತು ತಂಡ ಗೆದ್ದಿತು, ಅಂದಿನಿಂದ ಹಸು ಅಂದರೆ ಅದೃಷ್ಟ ಅಂತ ಅಲ್ಲಿನವರು ಹೇಳುವ ಕಥೆ. ಹಸುವನ್ನು ಪ್ರತಿ ವಾರ ಕರೆತರುವುದು ಕಷ್ಟ. ಗಂಟೆ ಸಾಕು ಅಂತ ಆಯಿತು. ಗಂಟೆಗೆ ಹಿಡಿ ಬೆಸುಗೆ ಹಾಕಿಸುತ್ತಾರೆ, ಇಲ್ಲದಿದ್ದರೆ ಮೂರು ಗಂಟೆ ಬಾರಿಸಲು ಕೈ ಬರುವುದಿಲ್ಲ.

ಸದ್ದು ತಡೆಯಲಾರದೆ ದಕ್ಷಿಣದ ಲೀಗ್ ಆದ ಎಸ್ಇಸಿ 1974ರಲ್ಲಿ ಇಂಥ ಗಂಟೆ, ತುತ್ತೂರಿಗಳನ್ನು ನಿಷೇಧಿಸಿತು. ಜನ ಪ್ಯಾಂಟು, ಕೋಟಿನೊಳಗೆ ಬಚ್ಚಿಟ್ಟುಕೊಂಡು ಬಂದರು. ಕೊನೆಗೆ 2010ರಲ್ಲಿ ರಾಜಿಯಾಯಿತು. ಆಟದ ನಡುವಿನ ಬಿಡುವಿನಲ್ಲಿ, ಅಂಕ ಬಂದಾಗ ಬಾರಿಸಬಹುದು. ಚೆಂಡು ಆಟಕ್ಕೆ ಇಡುತ್ತಿದ್ದ ಹಾಗೆ ನಿಲ್ಲಿಸಬೇಕು, ತಪ್ಪಿದರೆ ಕಾಲೇಜಿಗೆ ದಂಡ. ಐವತ್ತು ಅರವತ್ತು ಸಾವಿರ ಜನಕ್ಕೆ ಗಂಟೆ ಕೊಟ್ಟು, ಸರಿಯಾದ ಹೊತ್ತಿಗೆ ನಿಲ್ಲಿಸಿ ಅಂದರೆ ಹೇಗೆ? ಪಾಪ, ಪ್ರಯತ್ನ ಮಾಡುತ್ತಾರೆ.

ಅಲಬಾಮಾದಲ್ಲಿ ಮನೆ ಮಾಡಿದ್ದೀವಿ. ಎರಡರಲ್ಲಿ ಒಂದು ತಂಡ ಆರಿಸಲೇಬೇಕಾ?

ಆರಿಸಿಬಿಡಿ. ಅಲಬಾಮಾ ಯೂನಿವರ್ಸಿಟಿ ಅಥವಾ ಆಬರ್ನ್ ಯೂನಿವರ್ಸಿಟಿ. 'ನಮಗೆ ಇಬ್ಬರೂ ಒಂದೇ' ಅಂದರೆ ಅಲ್ಲಿ ಯಾರೂ ನಂಬುವುದಿಲ್ಲ. ಅಲಬಾಮಾದವರು 'ರೋಲ್ ಟೈಡ್' ಅನ್ನುತ್ತಾರೆ. ನಮಸ್ಕಾರಕ್ಕೂ ಅದೇ, ಹೋಗಿ ಬರ್ತೀನಿ ಅನ್ನುವುದಕ್ಕೂ ಅದೇ. ಆಬರ್ನ್‌ನವರು 'ವಾರ್ ಈಗಲ್' ಅನ್ನುತ್ತಾರೆ. ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ ಇದ್ದರೆ ಕಾರಿಗೆ ಅರ್ಧ ಆ ಬಣ್ಣ, ಅರ್ಧ ಈ ಬಣ್ಣದ ಪ್ಲೇಟು ಸಿಗುತ್ತದೆ. 'ಒಡೆದ ಮನೆ' ಅಂತ ಮೇಲೆ ಬರೆದಿರುತ್ತದೆ. ಸುಮ್ನೆ ತಮಾಷೆಗೆ ಹಾಕಿಸಿಕೊಂಡಿದ್ದಾರೆ ಅಂದುಕೊಳ್ಳಬೇಡಿ. ನವೆಂಬರ್ ಕೊನೆಯ ಶನಿವಾರ ಆ ಮನೆಯಲ್ಲಿ ಮಾತು ಕಡಿಮೆ.

ಆ ದಿನ ನಡೆಯುವ ಪಂದ್ಯಕ್ಕೆ ಐರನ್ ಬೌಲ್ ಅಂತ ಹೆಸರು. 2013ರಲ್ಲಿ 28-28 ಸಮ ಇತ್ತು. ಗಡಿಯಾರ ಮುಗಿದೇ ಹೋಗಿತ್ತು. ಅಲಬಾಮಾ ಕೋಚ್ ಕೇಳಿಕೊಂಡಿದ್ದಕ್ಕೆ ಅಂಪೈರುಗಳು ಒಂದು ಸೆಕೆಂಡು ವಾಪಸ್ ಕೊಟ್ಟರು. ಆ ಒಂದು ಸೆಕೆಂಡಿನಲ್ಲಿ ಅಲಬಾಮಾ ಒದ್ದ ಚೆಂಡು ಗುರಿ ಮುಟ್ಟದೆ ಗಿಡ್ಡವಾಯಿತು. ಆಬರ್ನ್‌ನ ಕ್ರಿಸ್ ಡೇವಿಸ್ ಅದನ್ನು ಹಿಡಿದು ಮೈದಾನದ ಆ ತುದಿಯಿಂದ ಈ ತುದಿಗೆ ಓಡಿ ಗೆಲ್ಲಿಸಿಬಿಟ್ಟರು, 34-28. ಕೇಳಿ ಪಡೆದ ಸೆಕೆಂಡೇ ಮುಳುವಾಯಿತು. ಇದನ್ನು ಆಬರ್ನ್‌ನವರ ಬಾಯಲ್ಲಿ ಕೇಳಬೇಕು, ಪ್ರತಿ ಸಲವೂ ನಿನ್ನೆ ನಡೆದ ಹಾಗೆ ಹೇಳುತ್ತಾರೆ.

ಆಬರ್ನ್ ಗೆದ್ದರೆ ಊರಿನ ಟೂಮರ್ಸ್ ಕಾರ್ನರ್‌ನಲ್ಲಿ ಇರುವ ಓಕ್ ಮರಗಳ ಮೇಲೆ ಟಾಯ್ಲೆಟ್ ಪೇಪರ್ ಎಸೆಯುತ್ತಾರೆ. ಮರ ಬೆಳ್ಳಗೆ ಆಗುವವರೆಗೆ ಎಸೆಯುತ್ತಾರೆ. 2010ರ ಪಂದ್ಯ ಸೋತ ಮೇಲೆ ಅಲಬಾಮಾ ಅಭಿಮಾನಿಯೊಬ್ಬ ಆ ಮರಗಳಿಗೆ ವಿಷ ಹಾಕಿದ. ಹಾಕಿದ್ದು ಸಾಲದು ಅಂತ ರೇಡಿಯೋ ಕಾರ್ಯಕ್ರಮಕ್ಕೆ ಫೋನ್ ಮಾಡಿ ಹೇಳಿಕೊಂಡ, ಸಿಕ್ಕಿಬಿದ್ದ, ಜೈಲಿಗೂ ಹೋದ. ಆ ಮರಗಳು ಉಳಿಯಲಿಲ್ಲ. ಆದರೆ ವಿಷಯ ತಿಳಿದಾಗ ಮರ ಉಳಿಸಲು ದುಡ್ಡು ಒಟ್ಟು ಮಾಡಿದವರಲ್ಲಿ ಅಲಬಾಮಾ ಅಭಿಮಾನಿಗಳೂ ಇದ್ದರು. 2015ರಲ್ಲಿ ಹೊಸ ಮರ ನೆಟ್ಟರು. ನಾನು ಈ ಆಟದಲ್ಲಿ ತಮಾಷೆ ಎಲ್ಲಿಗೆ ನಿಲ್ಲಬೇಕು ಅಂತ ಯಾರಾದರೂ ಕೇಳಿದರೆ ಆ ಮರ ಉಳಿಸಲು ಹೊರಟವರನ್ನು ತೋರಿಸುತ್ತೇನೆ.

ಟೆಕ್ಸಾಸ್‌ನಲ್ಲಿ ನಾಯಿಗೆ ಸೆಲ್ಯೂಟ್ ಹೊಡೆಯಬೇಕಂತೆ?

ಟೆಕ್ಸಾಸ್ ಎ ಅಂಡ್ ಎಂ. ಕನ್ನಡದ ಹುಡುಗ ಹುಡುಗಿಯರೂ ಓದಲು ಹೋಗುವ ಜಾಗ, ಹಾಗಾಗಿ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಅಲ್ಲಿ ಸೇನಾ ತರಬೇತಿಯ ಕೆಡೆಟ್ ಪಡೆ ಇದೆ. ಅದರಲ್ಲಿ ಎಲ್ಲರಿಗಿಂತ ದೊಡ್ಡ ಹುದ್ದೆ ರೆವೆಲಿ ಅನ್ನುವ ಕೋಲಿ ತಳಿಯ ನಾಯಿಯದು. ಕ್ಲಾಸಿಗೂ ಬರುತ್ತಾಳೆ. ಪಾಠ ನಡೆಯುವಾಗ ಅವಳು ಬೊಗಳಿದರೆ ಕ್ಲಾಸ್ ಬಿಟ್ಟ ಹಾಗೆ, ಅದು ಅಲ್ಲಿನ ಸಂಪ್ರದಾಯ. ತೀರಿಹೋದ ರೆವೆಲಿಗಳನ್ನೆಲ್ಲ ಕ್ರೀಡಾಂಗಣದ ಹೊರಗೆ ಮಣ್ಣು ಮಾಡಿದ್ದಾರೆ, ಸ್ಕೋರ್‌ಬೋರ್ಡ್ ಕಾಣುವ ಹಾಗೆ. ಕ್ರೀಡಾಂಗಣ ದೊಡ್ಡದು ಮಾಡಿದಾಗ ಅವರಿಗೆ ಬೋರ್ಡು ಮರೆಯಾಯಿತು. ಸುಮ್ಮನಿರಲಿಲ್ಲ, ಸಮಾಧಿಗಳ ಎದುರಿಗೆ ಬೇರೆಯೇ ಒಂದು ಚಿಕ್ಕ ಸ್ಕೋರ್‌ಬೋರ್ಡ್ ಹಾಕಿಸಿದರು.

ಅಲ್ಲಿ ವಿದ್ಯಾರ್ಥಿಗಳು ಪಂದ್ಯ ಮುಗಿಯುವವರೆಗೆ ಕೂರುವುದಿಲ್ಲ. 1922ರ ಜನವರಿಯಲ್ಲಿ ನಡೆದ ಪಂದ್ಯದಲ್ಲಿ ಆಟಗಾರರು ಒಬ್ಬೊಬ್ಬರಾಗಿ ಗಾಯಗೊಂಡರು. ಮೇಲೆ ಪತ್ರಕರ್ತರ ಜೊತೆ ಇದ್ದ ಇ. ಕಿಂಗ್ ಗಿಲ್ ಅನ್ನುವ ವಿದ್ಯಾರ್ಥಿಯನ್ನು ಕರೆದು ಬಟ್ಟೆ ಹಾಕಿಸಿ ನಿಲ್ಲಿಸಿದರು. ಆಡುವ ಸರದಿ ಬರಲಿಲ್ಲ, ಆದರೂ ತಯಾರಾಗಿ ನಿಂತೇ ಇದ್ದ. ಅಂದಿನಿಂದ ಎಲ್ಲರೂ ನಿಲ್ಲುತ್ತಾರೆ, ನಾವೆಲ್ಲ ಹನ್ನೆರಡನೇ ಆಟಗಾರರು ಅಂತ. ಹಿಂದಿನ ರಾತ್ರಿ 12ಕ್ಕೆ ಕ್ರೀಡಾಂಗಣಕ್ಕೆ ಬಂದು ಕೂಗುವುದನ್ನು ಅಭ್ಯಾಸ ಕೂಡ ಮಾಡುತ್ತಾರೆ. ಮಗ ಶುಕ್ರವಾರ ರಾತ್ರಿ ಫೋನ್ ತೆಗೆಯದಿದ್ದರೆ ಗಾಬರಿಯಾಗಬೇಡಿ.

ಟೆಕ್ಸಾಸ್ ಯೂನಿವರ್ಸಿಟಿ ಮತ್ತು ಓಕ್ಲಹೋಮಾ ಪಂದ್ಯ ಇನ್ನೊಂದು ಬಗೆ. ಡಲ್ಲಾಸ್‌ನಲ್ಲಿ, ರಾಜ್ಯದ ದೊಡ್ಡ ಮೇಳದ ನಡುವೆ ನಡೆಯುತ್ತದೆ. ಕ್ರೀಡಾಂಗಣವನ್ನು ಸರಿಯಾಗಿ ನಡುವೆ ಭಾಗ ಮಾಡಿ ಅರ್ಧ ಕಿತ್ತಳೆ, ಅರ್ಧ ಕಡುಗೆಂಪು. ಗಡಿಯಲ್ಲಿ ಸೀಟು ಸಿಕ್ಕಿದವರ ಎಡಗಡೆ ಒಂದು ರಾಜ್ಯ, ಬಲಗಡೆ ಇನ್ನೊಂದು ರಾಜ್ಯ.

ಮಿಡ್‌ವೆಸ್ಟ್‌ನವರು ಹಂದಿಗೋಸ್ಕರ ಹೊಡೆದಾಡ್ತಾರೆ ಅಂತ ಓದಿದೆ. ಏನದು?

ಕಂಚಿನ ಹಂದಿ. ದೇಶದ ಉತ್ತರ ಮಧ್ಯ ಭಾಗದ ಅಯೋವಾ ಮತ್ತು ಮಿನೆಸೋಟಾ ಪಂದ್ಯದ ಟ್ರೋಫಿ. ಇದರ ಹಿಂದೆ ಗಂಭೀರ ವಿಷಯ ಇದೆ. 1934ರ ಪಂದ್ಯದಲ್ಲಿ ಅಯೋವಾದ ಕಪ್ಪು ಆಟಗಾರ ಓಜಿ ಸಿಮನ್ಸ್‌ಗೆ ಮಿನೆಸೋಟಾದವರು ತುಂಬ ಪೆಟ್ಟು ಕೊಟ್ಟಿದ್ದರು. ಮರುವರ್ಷ ಅಯೋವಾ ಜನ ಕೆರಳಿ ಕೂತಿದ್ದರು. ಅಯೋವಾ ಗವರ್ನರ್ ಕೂಡ ಬಿಸಿ ಮಾತಾಡಿದರು. ಜಗಳ ಆರಿಸಲು ಮಿನೆಸೋಟಾ ಗವರ್ನರ್ ಫ್ಲಾಯ್ಡ್ ಓಲ್ಸನ್ ಬಾಜಿ ಕಟ್ಟಿದರು: ಸೋತವರು ಗೆದ್ದವರಿಗೆ ಒಂದು ಒಳ್ಳೆಯ ಹಂದಿ ಕೊಡಬೇಕು. ಮಿನೆಸೋಟಾ 13-6ರಲ್ಲಿ ಗೆದ್ದಿತು. ಅಯೋವಾ ಗವರ್ನರ್ ಮಾತಿಗೆ ತಪ್ಪಲಿಲ್ಲ. ನಿಜವಾದ ಹಂದಿಯನ್ನು ಓಲ್ಸನ್ ಅವರ ಆಫೀಸಿಗೇ ನಡೆಸಿಕೊಂಡು ಬಂದರು. ಹಂದಿಗೆ ಓಲ್ಸನ್ ಹೆಸರೇ ಇಟ್ಟಿದ್ದರು, ಫ್ಲಾಯ್ಡ್. ಆಮೇಲೆ ಕಂಚಿನಲ್ಲಿ ಮಾಡಿಸಿದರು.

ಆ ಕಡೆಯ ಟ್ರೋಫಿಗಳೆಲ್ಲ ಹೀಗೇ. ಚಿನ್ನ, ಬೆಳ್ಳಿಯ ಕಪ್ ಯಾರಿಗೂ ಬೇಡ. ಮಿಶಿಗನ್ ಮತ್ತು ಮಿನೆಸೋಟಾ ನಡುವೆ ಒಂದು ನೀರಿನ ಹೂಜಿ. 1903ರಲ್ಲಿ ಮಿಶಿಗನ್ ತಂಡ 30 ಸೆಂಟ್ ಕೊಟ್ಟು ಕೊಂಡು, ಗಡಿಬಿಡಿಯಲ್ಲಿ ಬಿಟ್ಟುಹೋಗಿದ್ದು. ವಾಪಸ್ ಬೇಕಿದ್ದರೆ ಗೆದ್ದು ತಗೊಂಡು ಹೋಗಿ ಅಂದರಂತೆ. ವಿಸ್ಕಾನ್ಸಿನ್, ಮಿನೆಸೋಟಾ ನಡುವೆ ಮರ ಕಡಿಯುವ ಕೊಡಲಿ. ಇಂಡಿಯಾನಾ, ಪರ್ಡ್ಯೂ ನಡುವೆ ಬಾವಿಯ ಮರದ ಬಕೆಟ್ಟು. ಇಲಿನಾಯ್, ಒಹಾಯೊ ಸ್ಟೇಟ್ ನಡುವೆ ಮರದ ಆಮೆ. ಮೊದಲು ನಿಜವಾದ ಆಮೆಯೇ ಇತ್ತು, ಪಾಪ ಎರಡೇ ವರ್ಷದಲ್ಲಿ ಸತ್ತುಹೋಯಿತು. ಹೊಲ, ಕೊಟ್ಟಿಗೆ, ಕಾಡು ನಂಬಿಕೊಂಡು ಬದುಕಿದ ಜನರ ಮನೆಯ ಸಾಮಾನುಗಳೇ ಇವೆಲ್ಲ. ನನಗೆ ಇಡೀ ದೇಶದಲ್ಲಿ ಹೆಚ್ಚು ಮೆಚ್ಚುಗೆ ಈ ಟ್ರೋಫಿಗಳ ಮೇಲೆ.

ಒಹಾಯೊದ ಕೊಲಂಬಸ್‌ನಲ್ಲಿ ಇದ್ದೀವಿ. ಕ್ಯಾಂಪಸ್ ಬೋರ್ಡುಗಳಲ್ಲಿ ಎಂ ಅಕ್ಷರದ ಮೇಲೆಲ್ಲ ಕೆಂಪು ಟೇಪ್ ಯಾಕೆ?

ಆ ವಾರ ಮಿಶಿಗನ್ ಪಂದ್ಯ ಇದೆ ಅಂತ ಅರ್ಥ. ಮಿಶಿಗನ್‌ನ ಮೊದಲ ಅಕ್ಷರ ಅನ್ನುವ ಒಂದೇ ಕಾರಣಕ್ಕೆ ಒಹಾಯೊ ಸ್ಟೇಟ್‌ನವರು ಕಂಡ ಕಂಡ ಎಂ ಅಕ್ಷರಕ್ಕೆಲ್ಲ ಗುಣಾಕಾರ ಚಿಹ್ನೆ ಹಾಕುತ್ತಾರೆ. ಮ್ಯೂಸಿಯಂ, ಮೆಡಿಕಲ್, ಮ್ಯಾಥ್ಸ್, ಯಾವುದನ್ನೂ ಬಿಡುವುದಿಲ್ಲ. ಹಳೆಯ ಕೋಚ್ ವುಡಿ ಹೇಯ್ಸ್ ಆ ಹೆಸರನ್ನು ಬಾಯಲ್ಲಿ ಹೇಳುತ್ತಲೇ ಇರಲಿಲ್ಲ, 'ಉತ್ತರದ ಆ ಸ್ಕೂಲು' ಅನ್ನುತ್ತಿದ್ದರು. ಈಗಲೂ ಜನ ಹಾಗೇ ಹೇಳುತ್ತಾರೆ. ಪಂದ್ಯ ಮುಗಿದ ಮೇಲೆ ಟೇಪು ತೆಗೆಯುತ್ತಾರೆ, ಅಷ್ಟರವರೆಗೆ ವಿಳಾಸ ಹುಡುಕುವಾಗ ಸ್ವಲ್ಪ ಹುಷಾರು.

ಉತ್ತರದ ಕಡೆಯವರು ಬಿಗಿ ಮುಖದವರು ಅಂತಾರೆ. ಹೌದಾ?

ನನಗಂತೂ ಹಾಗೆ ಕಂಡಿಲ್ಲ. ವಿಸ್ಕಾನ್ಸಿನ್‌ನಲ್ಲಿ ಮೂರನೇ ಕ್ವಾರ್ಟರ್ ಮುಗಿದ ಮೇಲೆ ಇಡೀ ಕ್ರೀಡಾಂಗಣ ಒಂದು ಹಾಡಿಗೆ ಎದ್ದು ಕುಣಿಯುತ್ತದೆ, 1998ರಿಂದ. ಕಾಂಕ್ರೀಟು ಅಲುಗಾಡುವುದು ಕಾಲಿಗೆ ಗೊತ್ತಾಗುತ್ತದೆ. ನೆಬ್ರಾಸ್ಕಾದವರು ಎದುರಾಳಿ ತಂಡ ಮೈದಾನ ಬಿಟ್ಟು ಹೋಗುವಾಗ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ತಾವು ಸೋತಿದ್ದರೂ ತಟ್ಟುತ್ತಾರೆ. ಚಳಿಯಲ್ಲಿ ಮೂರು ಪದರ ಬಟ್ಟೆ ಹಾಕಿಕೊಂಡಿರುವುದರಿಂದ ಮುಖ ಬಿಗಿಯಾಗಿ ಕಾಣಬಹುದು.

ಅಯೋವಾ ಸಿಟಿಯ ವಿಷಯ ಹೇಳಲೇಬೇಕು. ಕಿನಿಕ್ ಕ್ರೀಡಾಂಗಣದ ಪಕ್ಕದಲ್ಲೇ ಯೂನಿವರ್ಸಿಟಿಯ ಮಕ್ಕಳ ಆಸ್ಪತ್ರೆ ಇದೆ. ಮೇಲಿನ ಮಹಡಿಯ ದೊಡ್ಡ ಕಿಟಕಿಗಳಿಂದ ಮೈದಾನ ಪೂರ್ತಿ ಕಾಣುತ್ತದೆ. 2017ರಿಂದ ಒಂದು ರೂಢಿ ಬಂದಿದೆ. ಮೊದಲ ಕ್ವಾರ್ಟರ್ ಮುಗಿದ ತಕ್ಷಣ ಎಲ್ಲರೂ ಆಟದ ಕಡೆ ಬೆನ್ನು ಮಾಡಿ ಆಸ್ಪತ್ರೆ ಕಡೆ ತಿರುಗುತ್ತಾರೆ. ಅರವತ್ತೆಪ್ಪತ್ತು ಸಾವಿರ ಕೈಗಳು ಮೇಲೆ ಹೋಗುತ್ತವೆ. ಆಟಗಾರರು, ಕೋಚುಗಳು, ಅಂಪೈರುಗಳು, ಎದುರಾಳಿ ತಂಡದವರು ಕೂಡ ಕೈ ಬೀಸುತ್ತಾರೆ. ಗಾಜಿನ ಹಿಂದೆ ಅಪ್ಪನ ತೋಳಲ್ಲಿ ಇರುವ ಮಗು, ಗಾಲಿಕುರ್ಚಿಯಲ್ಲಿ ಕೂತ ಹುಡುಗಿ ತಿರುಗಿ ಕೈ ಬೀಸುತ್ತಾರೆ. ಇದೇ ಅಯೋವಾದವರು ಎದುರಾಳಿಗಳು ಬಟ್ಟೆ ಬದಲಿಸುವ ಕೋಣೆಗೆ ಪೂರ್ತಿ ಗುಲಾಬಿ ಬಣ್ಣ ಬಳಿದಿಟ್ಟಿದ್ದಾರೆ, ಬಂದವರ ಆವೇಶ ಇಳಿಯಲಿ ಅಂತ. ಕೋಣೆಯ ಗೋಡೆಯೂ ಗುಲಾಬಿ, ಟಾಯ್ಲೆಟ್ಟೂ ಗುಲಾಬಿ.

ಕ್ಯಾಲಿಫೋರ್ನಿಯಾ ಕಡೆ ಇಷ್ಟೆಲ್ಲ ಇಲ್ವಾ?

ಇದೆ, ಆದರೆ ಅವಸರ ಇಲ್ಲ. ಬಿಸಿಲು, ಸಮುದ್ರ, ಬೆಟ್ಟ ಎಲ್ಲ ಇರುವ ಜನ ಶನಿವಾರ ಪೂರ್ತಿ ಒಂದೇ ಜಾಗದಲ್ಲಿ ಯಾಕೆ ಕೂರಬೇಕು ಅಂದುಕೊಳ್ಳುತ್ತಾರೆ. ಬರ್ಕ್ಲಿಯಲ್ಲಿ ಕ್ರೀಡಾಂಗಣದ ಹಿಂದಿನ ಗುಡ್ಡ ಹತ್ತಿ ಟಿಕೆಟ್ ಇಲ್ಲದೆ ಆಟ ನೋಡುವವರಿದ್ದಾರೆ. ಅದಕ್ಕೆ ಜಿಪುಣರ ಗುಡ್ಡ ಅಂತಲೇ ಹೆಸರು.

ಸ್ಟ್ಯಾನ್‌ಫರ್ಡ್‌ನವರ ಬ್ಯಾಂಡು ಸಾಲಾಗಿ ನಡೆಯುವುದಿಲ್ಲ. ಚದುರಿ ಓಡುತ್ತದೆ. ಬ್ಯಾಂಡಿನ ಜೊತೆ ಕುಣಿಯುವುದು ಮರದ ವೇಷ. 1982ರ ನವೆಂಬರ್ 20ರಂದು ಇದೇ ಬ್ಯಾಂಡು ಒಂದು ಪಂದ್ಯವನ್ನೇ ಚರಿತ್ರೆಗೆ ಸೇರಿಸಿತು. ಬರ್ಕ್ಲಿ ವಿರುದ್ಧ ಗೆದ್ದೆವು ಅಂತ ನಾಲ್ಕು ಸೆಕೆಂಡು ಇರುವಾಗಲೇ ಸಡಗರ ಶುರುವಾಯಿತು. ಕೊನೆಯ ಒದೆತದ ಮೇಲೆ ಬ್ಯಾಂಡಿನವರು ಮೈದಾನಕ್ಕೆ ನುಗ್ಗಿದರು. ಅತ್ತ ಬರ್ಕ್ಲಿ ಹುಡುಗರು ಚೆಂಡನ್ನು ಐದು ಸಲ ಕೈಯಿಂದ ಕೈಗೆ ಹಿಂದಕ್ಕೆ ಎಸೆಯುತ್ತ, ಬ್ಯಾಂಡಿನ ನಡುವೆಯೇ ನುಗ್ಗಿ ಓಡಿ, ಕೊನೆಗೆ ಅಂಕ ಗಳಿಸಿ, ಟ್ರಾಂಬೋನ್ ಊದುವ ಹುಡುಗನನ್ನು ಕೆಡವಿಬಿಟ್ಟರು. 25-20, ಬರ್ಕ್ಲಿಗೆ ಗೆಲುವು. ಇವತ್ತಿಗೂ ಆ ಆಟಕ್ಕೆ ದಿ ಪ್ಲೇ ಅಂತ ಹೆಸರು.

ಕೊಲರಾಡೊದಲ್ಲಿ ರಾಲ್ಫಿ ಅನ್ನುವ ನಿಜವಾದ ಅಮೆರಿಕನ್ ಬೈಸನ್ ಮೈದಾನದಲ್ಲಿ ಓಡುತ್ತದೆ, ಐದು ಜನ ಹಗ್ಗ ಹಿಡಿದು ಅದರ ಜೊತೆ ಓಡುತ್ತಾರೆ. ಯೂಟಾದ ಬ್ರಿಗಮ್ ಯಂಗ್‌ನಲ್ಲಿ ಮದ್ಯ ಇಲ್ಲ. ಅಲ್ಲಿ ಉತ್ಸಾಹ ಎಲ್ಲ ಸಿಹಿಯಿಂದ: 16 ಇಂಚು ಉದ್ದದ ಡೋನಟ್ಟು. ಮಕ್ಕಳಿರುವ ಮನೆಯವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಹಾರ್ವರ್ಡ್, ಯೇಲ್‌ನವರೂ ಆಡ್ತಾರಾ?

1875ರಿಂದ ಆಡುತ್ತಿದ್ದಾರೆ. ಅವರ ಜಗಳ ಆಟಕ್ಕಿಂತ ಜಾಸ್ತಿ ತಲೆಯಲ್ಲಿ. 1968ರಲ್ಲಿ ಹಾರ್ವರ್ಡ್ ಕೊನೆಯ 42 ಸೆಕೆಂಡಿನಲ್ಲಿ 16 ಅಂಕ ಗಳಿಸಿ 29-29 ಸಮ ಮಾಡಿತು. ಅವರ ವಿದ್ಯಾರ್ಥಿ ಪತ್ರಿಕೆ 'ಹಾರ್ವರ್ಡ್‌ಗೆ ಯೇಲ್ ವಿರುದ್ಧ 29-29 ಗೆಲುವು' ಅಂತ ಹೆಡ್‌ಲೈನ್ ಹಾಕಿತು. 2004ರಲ್ಲಿ ಯೇಲ್ ಹುಡುಗರು ಹಾರ್ವರ್ಡ್‌ನವರ ವೇಷ ಹಾಕಿ ಬಂದು ಹಾರ್ವರ್ಡ್ ಅಭಿಮಾನಿಗಳಿಗೇ ಬಣ್ಣದ ಕಾಗದ ಹಂಚಿದರು. ಎತ್ತಿ ಹಿಡಿದರೆ 'ಗೋ ಹಾರ್ವರ್ಡ್' ಅಂತ ಕಾಣುತ್ತೆ ಅಂದರು. ಎಲ್ಲರೂ ನಂಬಿ ಎತ್ತಿದರು. ಎದುರಿನಿಂದ ನೋಡಿದರೆ 'ನಾವು ದಂಡ' ಅನ್ನುವ ಅರ್ಥದ ದೊಡ್ಡ ಬರಹ. ಈಶಾನ್ಯದವರು ಶಾಂಡಲಿಯರ್ ತರುವುದಿಲ್ಲ, ಇಂಥದ್ದಕ್ಕೆ ತಿಂಗಳುಗಟ್ಟಲೆ ತಯಾರಿ ಮಾಡುತ್ತಾರೆ.

ಹಾಫ್‌ಟೈಮ್‌ನಲ್ಲಿ ತಿಂಡಿ ತರೋಕೆ ಹೋಗಬಹುದಾ?

ಬೇರೆ ಕಡೆ ಹೋಗಿ. ಕಪ್ಪು ಜನರ ಐತಿಹಾಸಿಕ ಕಾಲೇಜುಗಳ ಪಂದ್ಯದಲ್ಲಿ ಮಾತ್ರ ಏಳಬೇಡಿ. ಗ್ರ್ಯಾಂಬ್ಲಿಂಗ್, ಸದರ್ನ್, ಜಾಕ್ಸನ್ ಸ್ಟೇಟ್, ಫ್ಲೋರಿಡಾ ಎ ಅಂಡ್ ಎಂ, ಇಲ್ಲಿ ಜನ ಆಟದ ನಡುವೆ ತಿಂಡಿಗೆ ಹೋಗಿ ಹಾಫ್‌ಟೈಮ್‌ಗೆ ವಾಪಸ್ ಬರುತ್ತಾರೆ. ಬ್ಯಾಂಡು ಅಂದರೆ ಅಲ್ಲಿ ಬ್ಯಾಂಡು. ನೂರಾರು ಜನ ಮಂಡಿ ಎದೆಗೆ ತಾಗುವ ಹಾಗೆ ಹೆಜ್ಜೆ ಎತ್ತಿ ಬರುತ್ತಾರೆ. ಡ್ರಮ್ ಮೇಜರ್ ತಲೆಯ ಟೋಪಿ ನೆಲಕ್ಕೆ ತಾಗುವಷ್ಟು ಹಿಂದಕ್ಕೆ ಬಾಗುತ್ತಾನೆ. ಪಂದ್ಯ ಮುಗಿದ ಮೇಲೂ ಎರಡು ಬ್ಯಾಂಡುಗಳು ಎದುರುಬದುರು ಕೂತು ಸರದಿಯ ಮೇಲೆ ಬಾರಿಸುತ್ತವೆ, ಅದಕ್ಕೆ ಐದನೇ ಕ್ವಾರ್ಟರ್ ಅಂತಾರೆ. ಯಾರು ಗೆದ್ದರು ಅಂತ ಕೇಳಿದರೆ ಬ್ಯಾಂಡಿನ ಬಗ್ಗೆಯೇ ಉತ್ತರ ಬರಬಹುದು.

ಗ್ರ್ಯಾಂಬ್ಲಿಂಗ್‌ನ ಕೋಚ್ ಎಡ್ಡಿ ರಾಬಿನ್‌ಸನ್ 408 ಪಂದ್ಯ ಗೆಲ್ಲಿಸಿದವರು. ಗ್ರ್ಯಾಂಬ್ಲಿಂಗ್ ಮತ್ತು ಸದರ್ನ್ ನಡುವಿನ ಬೇಯೂ ಕ್ಲಾಸಿಕ್ ಥ್ಯಾಂಕ್ಸ್‌ಗಿವಿಂಗ್ ವಾರದಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ನಡೆಯುತ್ತದೆ. ಒಂದೇ ಒಂದು ಪಂದ್ಯ ನೋಡುವಷ್ಟು ದುಡ್ಡು, ಸಮಯ ಇದೆ ಅಂದರೆ ನಾನು ಇದನ್ನೇ ಹೇಳುತ್ತೇನೆ.

ನಾವು ಸಸ್ಯಾಹಾರಿಗಳು. ತಿನ್ನೋಕೆ ಏನಾದ್ರೂ ಸಿಗುತ್ತಾ?

ಸಿಗುತ್ತದೆ, ಕೇಳಿ ತಿನ್ನಿ. ಜಾರ್ಜಿಯಾ, ಸೌತ್ ಕ್ಯಾರೊಲೈನಾ ಕಡೆ ಉಪ್ಪು ಹಾಕಿ ಬೇಯಿಸಿದ ಕಡಲೆಕಾಯಿ ಸಿಗುತ್ತದೆ, ಸಿಪ್ಪೆ ಸಮೇತ, ಬಿಸಿಬಿಸಿ. ನಮ್ಮವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅಮೆರಿಕದ ಬೇರೆ ಕಡೆಯವರು ಮುಖ ಸಿಂಡರಿಸುತ್ತಾರೆ, ನಾವು ಎರಡನೇ ಪೊಟ್ಟಣ ತರುತ್ತೇವೆ. ದಕ್ಷಿಣದಲ್ಲಿ ಪಿಮೆಂಟೊ ಚೀಸ್ ಸ್ಯಾಂಡ್‌ವಿಚ್, ವಿಸ್ಕಾನ್ಸಿನ್‌ನಲ್ಲಿ ಕರಿದ ಚೀಸ್ ತುಂಡು ಸಿಗುತ್ತದೆ. ದಕ್ಷಿಣದ ಬೀನ್ಸ್, ಸೊಪ್ಪಿನ ಪಲ್ಯದಲ್ಲಿ ಹಂದಿ ಮಾಂಸ ಹಾಕಿರುವುದು ಮಾಮೂಲು. ಲೂಸಿಯಾನಾದ ಮಾಂಸ ಹಾಕಿದ ಗಂಬೋ, ಜಂಬಲಾಯಾ ಬೇಡವೇ ಬೇಡ. ಎದುರಾಳಿಯ ಲಾಂಛನ ಮೊಸಳೆ ಆದರೆ ಅವತ್ತು ಮೊಸಳೆಯನ್ನೇ ಬೇಯಿಸುವ ಜನ ಅವರು. ಚಿತ್ರಾನ್ನ ಮಾಡಿಕೊಂಡು ಹೋದರೆ ಪಕ್ಕದ ಟೆಂಟಿನವರು ಖಂಡಿತ ರುಚಿ ನೋಡುತ್ತಾರೆ. ಸ್ವಲ್ಪ ಜಾಸ್ತಿಯೇ ಮಾಡಿ.

ಮೊದಲ ಸಲ ಹೋಗ್ತಿದ್ದೀವಿ. ಏನು ನೆನಪಿಟ್ಟುಕೊಳ್ಳಬೇಕು?

ಬಣ್ಣ. ಎದುರಾಳಿಯ ಬಣ್ಣದ ಅಂಗಿ ಹಾಕಿಕೊಂಡು ತವರಿನವರ ನಡುವೆ ಕೂರಬೇಡಿ. ಏನೂ ಮಾಡುವುದಿಲ್ಲ, ಆದರೆ ಮೂರು ಗಂಟೆ ಮಾತು ಕೇಳಬೇಕಾಗುತ್ತದೆ. ಮಿಶಿಗನ್ ಯೂನಿವರ್ಸಿಟಿಯ ಊರಾದ ಆನ್ ಆರ್ಬರ್‌ನಲ್ಲಿ ಒಹಾಯೊ ಸ್ಟೇಟ್ ಪಂದ್ಯದ ದಿನ ಕೆಂಪು ಚೂಡಿದಾರ ಬೇಡ. ದೊಡ್ಡ ಕ್ರೀಡಾಂಗಣಗಳಲ್ಲಿ ಒಳಗಿರುವುದು ಕಾಣುವ ಪ್ಲಾಸ್ಟಿಕ್ ಬ್ಯಾಗು ಮಾತ್ರ ಬಿಡುತ್ತಾರೆ, ಅಮ್ಮನ ವ್ಯಾನಿಟಿ ಬ್ಯಾಗು ಕಾರಿನಲ್ಲೇ ಇರಲಿ. ಆಟ ಅರ್ಥವಾಗದಿದ್ದರೆ ಪಕ್ಕದವರನ್ನು ಕೇಳಿ. ಇಷ್ಟು ಖುಷಿಯಿಂದ ವಿವರಿಸುವ ಜನ ಇನ್ನೆಲ್ಲೂ ಸಿಗಲಿಕ್ಕಿಲ್ಲ.

ಲೀಗುಗಳೆಲ್ಲ ಬದಲಾದವಂತೆ. ಈ ವ್ಯತ್ಯಾಸ ಇನ್ನು ಉಳಿಯುತ್ತಾ?

2024ರಲ್ಲಿ ದೊಡ್ಡ ಬದಲಾವಣೆ ಆಯಿತು. ಟಿವಿ ದುಡ್ಡಿನ ಹಿಂದೆ ಹೋಗಿ ಲಾಸ್ ಏಂಜಲಿಸ್‌ನ ಎರಡು ಯೂನಿವರ್ಸಿಟಿಗಳು, ಆರೆಗನ್, ವಾಷಿಂಗ್ಟನ್ ಎಲ್ಲ ಮಿಡ್‌ವೆಸ್ಟ್‌ನ ಬಿಗ್ ಟೆನ್ ಲೀಗ್ ಸೇರಿದವು. ಹೆಸರಿನಲ್ಲಿ ಹತ್ತು, ಒಳಗೆ 18 ತಂಡ. ಸ್ಟ್ಯಾನ್‌ಫರ್ಡ್, ಬರ್ಕ್ಲಿ ಪೆಸಿಫಿಕ್ ಪಕ್ಕದಲ್ಲಿದ್ದುಕೊಂಡು ಅಟ್ಲಾಂಟಿಕ್ ಕರಾವಳಿಯ ಲೀಗಿಗೆ ಹೋದವು. ನನಗೆ ಇದು ಬೇಸರದ ವಿಷಯ. ಪಕ್ಕದ ಊರಿನ ಮೇಲಿನ ಜಿದ್ದಿನಿಂದ ಹುಟ್ಟಿದ ಆಟವನ್ನು ಮೂರು ಸಾವಿರ ಮೈಲಿ ದೂರಕ್ಕೆ ಎಳೆದರೆ ಅಭಿಮಾನಿ ಕಾರಿನಲ್ಲಿ ಹೋಗುವುದು ಹೇಗೆ? ಒಳ್ಳೆಯದೂ ಆಗಿದೆ. ಟೆಕ್ಸಾಸ್ ಮತ್ತು ಎ ಅಂಡ್ ಎಂ 2011ರ ನಂತರ ಆಡಿರಲಿಲ್ಲ. ಇಬ್ಬರೂ ಒಂದೇ ಲೀಗಿಗೆ ಬಂದ ಮೇಲೆ 2024ರ ನವೆಂಬರ್ 30ರಂದು ಮತ್ತೆ ಎದುರಾದರು. ಆಟ ನಿಂತಿದ್ದ ಅಷ್ಟೂ ವರ್ಷ ಎರಡೂ ಕಡೆಯವರು ತಮ್ಮ ಹಾಡುಗಳಲ್ಲಿ ಒಬ್ಬರನ್ನೊಬ್ಬರು ಬೈಯುವುದನ್ನು ಮಾತ್ರ ಬಿಟ್ಟಿರಲಿಲ್ಲ.

ನಮ್ಮ ಕನ್ನಡ ಸಂಘದ ಗಣೇಶ ಹಬ್ಬ ಪಂದ್ಯದ ಶನಿವಾರವೇ ಬಂದಿದೆ. ಏನು ಮಾಡೋದು?

ಯೂನಿವರ್ಸಿಟಿ ಊರಿನಲ್ಲಿ ಇದ್ದರೆ ಇದು ಪ್ರತಿ ವರ್ಷದ ತಲೆನೋವು. ಗಣೇಶ ಹಬ್ಬ, ದೀಪಾವಳಿ, ರಾಜ್ಯೋತ್ಸವ ಎಲ್ಲ ಸೀಸನ್ ಒಳಗೇ ಬರುತ್ತವೆ. ಪಂದ್ಯದ ತಾರೀಖು ತಿಂಗಳುಗಳ ಮೊದಲೇ ಗೊತ್ತಿರುತ್ತದೆ, ಆದರೆ ಎಷ್ಟು ಗಂಟೆಗೆ ಅನ್ನುವುದನ್ನು ಟಿವಿ ಚಾನೆಲ್‌ನವರು ಎಷ್ಟೋ ಸಲ 12 ದಿನ ಮೊದಲು, ಕೆಲವೊಮ್ಮೆ ಬರೀ 6 ದಿನ ಮೊದಲು ಹೇಳುತ್ತಾರೆ. ಅವತ್ತು ರಸ್ತೆ ಬಂದ್, ಪಾರ್ಕಿಂಗ್ ಇಲ್ಲ, ಹೊರಗಿನಿಂದ ಬರುವ ಕಲಾವಿದರಿಗೆ ಹೋಟೆಲ್ ರೂಮು ಸಿಕ್ಕಿದರೂ ಬೆಲೆ ಕೇಳಬೇಡಿ. ಸಂಘದ ಕಮಿಟಿಯವರು ಹಾಲ್ ಬುಕ್ ಮಾಡುವ ಮೊದಲು ತಂಡದ ವೇಳಾಪಟ್ಟಿ ತೆಗೆದು ನೋಡಲಿ. ತಂಡ ಬೇರೆ ಊರಿಗೆ ಆಡಲು ಹೋಗುವ ಶನಿವಾರ, ಇಲ್ಲವೇ ಪಂದ್ಯವೇ ಇಲ್ಲದ ಶನಿವಾರ ಹಿಡಿಯಿರಿ. ಅದೂ ಆಗದಿದ್ದರೆ ಭಾನುವಾರ ಇಟ್ಟುಕೊಳ್ಳಿ.